ಮಲೆನಾಡಿನ ತೇವದಲ್ಲಿ ಹಳೇ ಸೀರೆ, ಕಂಬಳಿ, ವೇಷದ ಬಟ್ಟೆ ಗುರುತಿಸೋದು, ಉಳಿಸ್ಕೊಳ್ಳೋದು ಹೇಗೆ

ಶಾಲೆಯ ಒಂದು ಕೋಣೆ, ಮಠದ ಉಪ್ಪರಿಗೆ, ಯಾವುದೋ ಹಳೇ ಮನೆಯ ಜಗುಲಿ, ಹೀಗೆ ಊರಿನ ಹಳೇ ಸಾಮಾನು ಸೇರಿಸಿಟ್ಟ ಸಣ್ಣ ಸಂಗ್ರಹಗಳು ನಮ್ ಕಡೆ ಬೇಕಾದಷ್ಟಿವೆ. ಹಿತ್ತಾಳೆ ಕೊಳದಪ್ಪಲೆಗೆ, ತಾಳೆಗರಿಗೆ, ಮರದ ಕೆತ್ತನೆಗೆ ಸಿಗೋ ಗಮನ ಬಟ್ಟೆಗೆ ಮಾತ್ರ ಸಿಗಲ್ಲ. ಧಾರೆ ಸೀರೆ, ಖಾದಿ ಟೋಪಿ, ಯಕ್ಷಗಾನದ ಕಸೆ ಸೀರೆ ಎಲ್ಲಾ ಒಂದೇ ಟ್ರಂಕಿನಲ್ಲಿ, ನಡುವೆ ನಾಲ್ಕು ನುಸಿಗುಳಿಗೆ ಹಾಕಿ, ಮೇಲೊಂದು ಪ್ಲಾಸ್ಟಿಕ್ ಕವರ್ ಸುತ್ತಿ ಇಟ್ಟಿರ್ತಾರೆ. ಮಳೆಗಾಲ ಮುಗಿಸಿ ತೆಗೆದು ನೋಡಿದ್ರೆ ಬೂಷ್ಟು. ಸಂಗ್ರಹ ನೋಡ್ಕೊಳ್ಳೋರಿಗೆ, ಮನೆಯಲ್ಲಿ ಅಜ್ಜಿ ಸೀರೆ ಇಟ್ಕೊಂಡಿರೋರಿಗೆ, ಮೇಳದ ಹಳೇ ಪೆಟ್ಟಿಗೆ ಕೈಗೆ ಬಂದಿರೋರಿಗೆ ಉಪಯೋಗ ಆಗ್ಲಿ ಅಂತ ಇದನ್ನ ಬರೀತಿದೀನಿ. ದೊಡ್ಡ ಲ್ಯಾಬ್ ಬೇಡ, ಹೆಚ್ಚಿನ ಕೆಲಸ ಕಣ್ಣು, ಒಂದು ಭೂತಗನ್ನಡಿ, ಪೆನ್ಸಿಲ್ಲು ಮತ್ತು ತಾಳ್ಮೆಯಲ್ಲೇ ಆಗತ್ತೆ.

ಮೊಟ್ಟಮೊದಲ ಮಾತು, ತೊಳೀಬೇಡಿ. ಕೊಳೆ ಕಂಡ ತಕ್ಷಣ ಅಂಟುವಾಳದ ಕಾಯಿ ನೆನೆಹಾಕೋಕೆ ಹೋಗೋರೇ ಜಾಸ್ತಿ, ಒಳ್ಳೇ ಮನಸ್ಸಿಂದಲೇ ಮಾಡ್ತಾರೆ, ಆದ್ರೆ ನೂರು ವರ್ಷದ ಹತ್ತಿ ನೂಲಿಗೆ ನೀರು ಕುಡಿದ ತನ್ನದೇ ಭಾರ ತಡೆಯೋ ಶಕ್ತಿ ಇರಲ್ಲ, ಬಕೆಟಿಂದ ಎತ್ತುವಾಗಲೇ ಹರಿಯತ್ತೆ, ಬಣ್ಣ ಬಿಟ್ಟು ಅಂಚಿಂದ ಒಡಲಿಗೆ ಹರಡತ್ತೆ. ಡ್ರೈಕ್ಲೀನಿಗೂ ಕೊಡಬೇಡಿ. ಇಸ್ತ್ರಿ ಬೇಡ, ಗಂಜಿಯಂತೂ ಬೇಡವೇ ಬೇಡ. ಇನ್ನೊಂದು ವಿಷ್ಯ, ನಾವು ಕೊಳೆ ಅನ್ನೋದ್ರಲ್ಲಿ ಅರ್ಧ ಕೊಳೆಯಲ್ಲ. ಧಾರೆ ಸೀರೆ ಸೆರಗಿನ ಕುಂಕುಮದ ಕಲೆ, ಅಡಿಕೆ ಬೇಯಿಸೋರ ಪಂಚೆ ಮೇಲಿನ ಚೊಗರಿನ (ಅಡಿಕೆ ಬೇಯಿಸಿದ ಒಗರು ನೀರಿನ) ಕಂದು, ವೇಷದ ಅಂಗಿ ಕಾಲರಿಗೆ ಹತ್ತಿದ ಮುಖಬಣ್ಣ, ಇವೆಲ್ಲ ಆ ಬಟ್ಟೆ ಯಾರ ಮೈಮೇಲೆ ಏನು ಕೆಲಸ ಮಾಡ್ತು ಅನ್ನೋದಕ್ಕೆ ಇರೋ ಸಾಕ್ಷಿ. ತೊಳೆದ್ರೆ ಸೀರೆ ಉಳಿದ್ರೂ ಆ ಸಾಕ್ಷಿ ಹೋಯ್ತು.

ಬಟ್ಟೆ ಬಿಚ್ಚಿ ನೋಡೋ ಮೊದಲು

ದೊಡ್ಡ ಟೇಬಲ್ ಬೇಕು, ಅದರ ಮೇಲೆ ಒಗೆದ ಬಿಳಿ ಕಾಟನ್ ಬಟ್ಟೆ ಹಾಸಿ. ಬಳೆ, ಉಂಗುರ, ವಾಚು ತೆಗೆದಿಡಿ, ಜರಿ ಎಳೆ ಒಂದು ಸಲ ಉಂಗುರಕ್ಕೆ ಸಿಕ್ರೆ ಮುಗೀತು. ಕೈ ಸೋಪಲ್ಲಿ ತೊಳೆದು ಪೂರ್ತಿ ಒಣಗಿಸ್ಕೊಳ್ಳಿ, ಜರಿ ಇದ್ರೆ ನೈಟ್ರೈಲ್ ಗ್ಲೌಸ್ ಹಾಕ್ಕೊಳ್ಳಿ, ಯಾಕಂದ್ರೆ ಬೆವರಿನ ಉಪ್ಪಿಗೆ ಬೆಳ್ಳಿ, ತಾಮ್ರ ಎರಡೂ ಬೇಗ ಬಣ್ಣಗೆಡತ್ತೆ. ಆ ಟೇಬಲ್ ಹತ್ರ ಪೆನ್ನು, ಕಾಫಿ, ಎಲೆಅಡಿಕೆ ಯಾವುದೂ ಬರಬಾರದು. ಬರೆಯೋದು ಪೆನ್ಸಿಲ್ಲಲ್ಲೇ. ಸೀರೆಯನ್ನ ಎರಡು ತುದಿ ಹಿಡಿದು ಕೊಡವಬೇಡಿ. ಕೆಳಗೆ ಗಟ್ಟಿ ರಟ್ಟು ಕೊಟ್ಟು ರಟ್ಟಿನ ಸಮೇತ ಎತ್ತಿ. ಅಂಗಿ, ಕೋಟನ್ನ ಭುಜ ಹಿಡಿದು ಎತ್ತಬಾರದು, ಅಡಿಗೆ ಎರಡೂ ಕೈ ಕೊಟ್ಟು ಎತ್ತಬೇಕು. ಬಟ್ಟೆಗೆ ಚುಚ್ಚಿರೋ ಹಳೇ ಗುಂಡುಸೂಜಿ, ಸ್ಟೇಪಲ್ ಪಿನ್ನು ಕಂಡ್ರೆ ಇವತ್ತೇ ತೆಗೀರಿ. ನಮ್ಮ ಗಾಳಿಗೆ ಅವು ತುಕ್ಕು ಹಿಡಿದು ಬಟ್ಟೆಗೆ ತೂತು ಮಾಡ್ತವೆ. ತುಕ್ಕಿಗೆ ಅಂಟ್ಕೊಂಡು ಬರ್ತಿಲ್ಲ ಅಂದ್ರೆ ಎಳೀಬೇಡಿ, ಹಾಗೇ ಬಿಟ್ಟು ನೋಟ್ ಮಾಡ್ಕೊಳ್ಳಿ.

ಯಾವ ನೂಲು, ಯಾವ ನೇಯ್ಗೆ

ಹತ್ತು ಪಟ್ಟು ದೊಡ್ಡದು ತೋರ್ಸೋ ಮಡಚೋ ಲೆನ್ಸ್ ಒಂದು ತಗೊಳ್ಳಿ, ಒಡವೆ ಅಂಗಡಿಯವರು ಕಣ್ಣಿಗಿಡ್ತಾರಲ್ಲ ಅದೇ. ಹತ್ತಿ ಎಳೆಗೆ ಹೊಳಪು ಕಮ್ಮಿ, ಸಣ್ಣ ಸಣ್ಣ ನಾರಿನ ತುದಿಗಳು ಹೊರಗೆ ಕಾಣ್ತವೆ. ರೇಷ್ಮೆ ಉದ್ದ ಎಳೆ, ನುಣ್ಣಗೆ ಹೊಳೆಯತ್ತೆ. ಉಣ್ಣೆ ಗುಂಗುರು ಗುಂಗುರು. ಕೈಯಲ್ಲಿ ನೂತ ನೂಲಾದ್ರೆ ಒಂದೇ ಎಳೆ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇರತ್ತೆ, ಮಿಲ್ ನೂಲು ಉದ್ದಕ್ಕೂ ಸಮ. ಸ್ವಾತಂತ್ರ್ಯ ಹೋರಾಟದ ಕಾಲದ ಖಾದಿ ಅಂತ ಯಾರಾದ್ರೂ ಟೋಪಿ, ಜುಬ್ಬ ತಂದುಕೊಟ್ರೆ ಮೊದಲು ನೋಡಬೇಕಾದ್ದು ಇದನ್ನೇ. ಶಿಕಾರಿಪುರದ ಈಸೂರು 1942ರಲ್ಲಿ ತಾನು ಸ್ವತಂತ್ರ ಅಂತ ಘೋಷಿಸ್ಕೊಂಡ ಊರು, ಆ ಸುತ್ತಿನ ಮನೆಗಳಲ್ಲಿ ಅಂಥ ಬಟ್ಟೆ ಇದ್ರೆ ಅದು ಬರೀ ಬಟ್ಟೆ ಅಲ್ಲ, ಆದ್ರೂ ನೂಲು ನೋಡಿಯೇ ನಂಬಬೇಕು.

ಸುಟ್ಟು ನೋಡೋ ಪರೀಕ್ಷೆ ಬಗ್ಗೆ ಎಲ್ರೂ ಕೇಳ್ತಾರೆ. ತಾನಾಗೇ ಉದುರಿ ಬಿದ್ದ ಎಳೆ ಇದ್ರೆ ಮಾತ್ರ, ಬಟ್ಟೆ ಇರೋ ಕೋಣೆಯಿಂದ ಹೊರಗೆ ಹೋಗಿ, ಚಿಮಟದಲ್ಲಿ ಹಿಡಿದು ಮಾಡಿ. ಹತ್ತಿ ಕಾಗದದ ವಾಸನೆ ಬಂದು ಮೆತ್ತಗಿನ ಬೂದಿ ಆಗತ್ತೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ, ಕಪ್ಪು ಉಂಡೆ ಆದ್ರೂ ಬೆರಳಲ್ಲಿ ಪುಡಿ ಆಗತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗತ್ತೆ. ರೇಯಾನ್ ಮಾತ್ರ ಹತ್ತಿ ಥರಾನೇ ಉರಿಯೋದ್ರಿಂದ ಈ ಪರೀಕ್ಷೆಗೆ ಸಿಕ್ಕಲ್ಲ. ಚೆನ್ನಾಗಿರೋ ಬಟ್ಟೆಯಿಂದ ಎಳೆ ಕಿತ್ತು ಸುಡೋದು ನನಗೆ ಒಪ್ಪಿಗೆ ಇಲ್ಲ.

ನಮ್ ಕಡೆಯ ಪೆಟ್ಟಿಗೆಗಳಲ್ಲಿ ಇಳಕಲ್ ಸೀರೆ ತುಂಬಾ ಸಿಗತ್ತೆ. ಗುರುತಿಸೋಕೆ ಸೆರಗು ಒಡಲಿಗೆ ಸೇರೋ ಜಾಗಕ್ಕೆ ಲೆನ್ಸ್ ಇಡಿ. ಒಡಲಿನ ಹಾಸು ನೂಲು, ಅಂದ್ರೆ ಸೀರೆಯ ಉದ್ದಕ್ಕೆ ಹೋಗೋ ಎಳೆ, ಹತ್ತಿ, ಸೆರಗಿನ ಹಾಸು ರೇಷ್ಮೆ, ಎರಡನ್ನೂ ಒಂದೊಂದು ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರ್ತಾರೆ. ಅಡ್ಡಕ್ಕೆ ಒಂದು ಗೆರೆ ಹೋದಂಗೆ ಕಾಣತ್ತೆ, ಲೆನ್ಸಲ್ಲಿ ನೋಡಿದ್ರೆ ಆ ಗೆರೆ ಪೂರ್ತಿ ಸಣ್ಣ ಸಣ್ಣ ಕುಣಿಕೆಗಳು, ಒಂದರೊಳಗೆ ಒಂದು. ಹೊಲಿದು ಜೋಡಿಸಿದ ಸೆರಗಾದ್ರೆ ಸೂಜಿದಾರ ಕಾಣತ್ತೆ, ಇಲ್ಲಿ ಅದು ಇರಲ್ಲ. ಕೆಂಪು ಸೆರಗಿನ ಮೇಲೆ ಬಿಳಿ ತೆನೆಯ ಸಾಲು ಇದ್ರೆ ಅದು ತೋಪು ತೆನೆ ಸೆರಗು. ಹಾಗೇ ಈ ಕೊಂಡಿ ಗೆರೆಯೇ ಸೀರೆಯ ದುರ್ಬಲ ಜಾಗ, ಮಡಿಕೆ ಯಾವತ್ತೂ ಅಲ್ಲಿ ಬರಬಾರದು.

ಇಳಕಲ್ ಮೇಲೆ ಕಸೂತಿ ಇದ್ರೆ ಹಿಂದುಮುಂದು ಎರಡೂ ನೋಡಿ. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣತ್ತೆ, ಗಂಟು ಹಾಕಿರಲ್ಲ, ಎಳೆ ಎಣಿಸಿ ಹಾಕಿರ್ತಾರೆ. ನೇಯ್ಗಿ ನೇಯ್ದ ಹಾಗೇ ಕಾಣತ್ತೆ, ಮೆಂತಿ ಅಡ್ಡಡ್ಡ ಕತ್ತರಿಗೆರೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಇದ್ರೆ ಅದನ್ನ ಚಿತ್ರ ಬಿಡಿಸಿಟ್ಟುಕೊಳ್ಳಿ, ಫೋಟೋದಲ್ಲಿ ಎಳೆ ಎಣಿಕೆ ಸರಿಯಾಗಿ ಬರಲ್ಲ.

ಉದ್ದ ಅಳೆಯೋದನ್ನ ಮರೀಬೇಡಿ. ಹಳೇ ಹದಿನೆಂಟು ಮೊಳದ ಸೀರೆ ಅಂದ್ರೆ ಒಂಬತ್ತು ಗಜ, ಸುಮಾರು 8.2 ಮೀಟರ್. ಯಾರೋ ಮಧ್ಯೆ ಕತ್ತರಿಸಿ ಆರು ಗಜ ಮಾಡ್ಕೊಂಡಿದ್ರೆ ತುದಿ ನೋಡಿದ್ರೆ ಗೊತ್ತಾಗತ್ತೆ, ಒಂದು ಕಡೆ ನೇಯ್ಗೆಯ ಕೊನೆ ಇರತ್ತೆ, ಇನ್ನೊಂದು ಕಡೆ ಮಡಚಿ ಹೊಲಿದಿರತ್ತೆ.

ಜರಿ ಅಸಲಿಯಾ ಅಂತ ಕೇಳೋರಿಗೆ, ತಿಕ್ಕಿ ನೋಡಬೇಡಿ, ಸವೆದಿರೋ ಜಾಗ ಹುಡುಕಿ. ಅಸಲಿ ಜರಿ ಅಂದ್ರೆ ಬೆಳ್ಳಿ ತಂತಿ ಚಪ್ಪಟೆ ಮಾಡಿ ರೇಷ್ಮೆ ಎಳೆಗೆ ಸುತ್ತಿ ಚಿನ್ನದ ಲೇಪ ಕೊಟ್ಟಿರೋದು, ಸವೆದ ಕಡೆ ಬೆಳ್ಳಗೆ ಕಾಣತ್ತೆ, ಹಳತಾದ್ರೆ ಕಪ್ಪಾಗತ್ತೆ. ತಾಮ್ರದ ಜರಿ ಸವೆದ್ರೆ ಕೆಂಪು, ತೇವ ಕುಡಿದ್ರೆ ಹಸಿರು ಪುಡಿ. ಪ್ಲಾಸ್ಟಿಕ್ ಜರಿ ಕಪ್ಪೂ ಆಗಲ್ಲ ಹಸಿರೂ ಆಗಲ್ಲ, ಮೇಲಿನ ಹೊಳಪು ಸಿಪ್ಪೆ ಥರ ಎದ್ದು ಒಳಗಿನ ಪಾರದರ್ಶಕ ಪಟ್ಟಿ ಕಾಣತ್ತೆ. ಕಪ್ಪಾದ ಬೆಳ್ಳಿ ಜರಿಗೆ ಹುಣಸೆಹಣ್ಣು, ವಿಭೂತಿ, ಪಾಲಿಶ್ ಏನೂ ಹಚ್ಚಬೇಡಿ, ಆ ಲೇಪ ಎಷ್ಟು ತೆಳು ಅಂದ್ರೆ ಒಂದು ಸಲ ಉಜ್ಜಿದ್ರೆ ಚಿನ್ನ ಹೋಗಿ ಬೆಳ್ಳಿ ಮಾತ್ರ ಉಳಿಯತ್ತೆ.

ಎಷ್ಟು ಹಳೇದು

ಕೊಟ್ಟೋರು ಇನ್ನೂರು ವರ್ಷ ಅಂತಾರೆ. ಪ್ರೀತಿಯಿಂದ ಹೇಳ್ತಾರೆ, ಬರ್ಕೊಳ್ಳಿ, ಆದ್ರೆ ಬಟ್ಟೆಯನ್ನೂ ಕೇಳಿ. ಕಣ್ಣು ಕುಕ್ಕೋ ರಾಣಿ ಕಲರ್, ನೇರಳೆ ಇದ್ರೆ ಅದು ಕೆಮಿಕಲ್ ಬಣ್ಣ ಇರೋ ಸಾಧ್ಯತೆ ಹೆಚ್ಚು, ಮೊದಲ ಕೃತಕ ನೇರಳೆ ಬಣ್ಣವನ್ನ ವಿಲಿಯಂ ಪರ್ಕಿನ್ ಲಂಡನ್ನಲ್ಲಿ ಕಂಡುಹಿಡಿದಿದ್ದು 1856ರಲ್ಲಿ, ಕೃತಕ ನೀಲಿ ಮಾರುಕಟ್ಟೆಗೆ ಬಂದಿದ್ದು 1897ರಲ್ಲಿ. ಹಾಗಾಗಿ ಬಣ್ಣ ಕೆಮಿಕಲ್ಲೇ ಅಂತ ಖಾತ್ರಿ ಆದ್ರೆ ಆ ಸೀರೆ ಆ ಇಸವಿಗಿಂತ ಹಿಂದಿನದ್ದಾಗಿರೋಕೆ ಆಗಲ್ಲ. ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಫ್ಯಾಕ್ಟರಿ ಶುರುವಾಗಿದ್ದು 1912ರಲ್ಲಿ, ಅದರ ಸೀರೆಯನ್ನ ಅದಕ್ಕಿಂತ ಹಿಂದಕ್ಕೆ ತಳ್ಳೋ ಹಾಗಿಲ್ಲ. ನೈಲಾನ್ ದಾರದಲ್ಲಿ ಹೊಲಿದಿದ್ರೆ ಆ ಹೊಲಿಗೆ 1930ರ ದಶಕದ ಕೊನೆಗಿಂತ ಈಚಿನದು. ಆದ್ರೆ ಹುಷಾರು, ರಿಪೇರಿ ಹೊಸದಿದ್ದು ಬಟ್ಟೆ ಹಳೇದಿರಬಹುದು. ಕೈಹೊಲಿಗೆ ಇದೆ ಅಂದಮಾತ್ರಕ್ಕೂ ಹಳೇದು ಅಂತಲ್ಲ, ಮನೆಯಲ್ಲಿ ರವಿಕೆ ಕೈಯಲ್ಲೇ ಹೊಲ್ಕೊಳ್ಳೋರು ಮಿಷನ್ ಬಂದ ಎಷ್ಟೋ ಕಾಲದವರೆಗೂ ಇದ್ರು.

ನನಗೆ ಎಲ್ಲಕ್ಕಿಂತ ನಂಬಿಕೆ ಇರೋದು ಸೀರೆ ಜೊತೆ ಬಂದ ಚೀಟಿ, ಮಿಲ್ ಛಾಪು, ಅಂಗಡಿ ಡಬ್ಬಿ ಮೇಲೆ. ಬೆಲೆ ಆಣೆಯಲ್ಲಿದ್ರೆ ಬಹುಪಾಲು 1957ರ ಏಪ್ರಿಲ್‌ಗಿಂತ ಹಿಂದಿನದು, ನಯಾ ಪೈಸೆ ಅಂತಿದ್ರೆ 1957ರಿಂದ 1964ರ ಒಳಗೆ. ಅಳತೆ ಗಜದಲ್ಲಿದ್ಯಾ ಮೀಟರಲ್ಲಿದ್ಯಾ ನೋಡಿ, ಮೀಟರ್ ನಮ್ಮಲ್ಲಿ ಹಂತಹಂತವಾಗಿ ಬಂದಿದ್ದು 1958ರಿಂದ, ಆಡುಮಾತಲ್ಲಿ ಗಜ ಇನ್ನೂ ಹೋಗಿಲ್ಲ ಅದು ಬೇರೆ ಮಾತು. ವಿಳಾಸದಲ್ಲಿ ಪಿನ್ ಕೋಡ್ ಇದ್ರೆ 1972ರ ಆಗಸ್ಟ್ ಆದಮೇಲೆ. ಮೈಸೂರು ರಾಜ್ಯ ಅಂತಿದ್ರೆ 1973ರ ನವೆಂಬರ್‌ಗಿಂತ ಮುಂಚೆ. ಡಬ್ಬಿ ಒಂದು ಸೀರೆ ಒಂದು ಆಗಿರೋದೂ ಉಂಟು, ಗಟ್ಟಿ ಡಬ್ಬಿನ ಯಾರೂ ಎಸೀತಿರ್ಲಿಲ್ಲ, ಅದಕ್ಕೇ ಇದನ್ನ ಒಂದು ಸುಳಿವು ಅಂತಷ್ಟೇ ಬರ್ಕೊಳ್ಳಿ. ಚೀಟಿ ಬೇರೆ ಕವರಲ್ಲಿ ಹಾಕಿ ಅದೇ ನಂಬರ್ ಕೊಡಿ, ಸೀರೆ ಮಡಿಕೆಯೊಳಗೆ ವಾಪಸ್ ಇಡಬೇಡಿ, ಹಳೇ ಕಾಗದದ ಆಸಿಡ್ ಬಟ್ಟೆಗೆ ಇಳಿದು ಕಂದು ಚೌಕ ಮೂಡತ್ತೆ.

ನಂಬರ್ ಹಾಕೋದು, ಕಥೆ ಬರ್ಕೊಳ್ಳೋದು

ಇಸವಿ, ಆ ವರ್ಷ ಎಷ್ಟನೇ ಕೊಡುಗೆ, ಅದರಲ್ಲಿ ಎಷ್ಟನೇ ವಸ್ತು, ಹೀಗೆ 2024.3.1 ಅಂತ ನಂಬರ್ ಕೊಟ್ರೆ ಮುಂದೆ ಗೊಂದಲ ಆಗಲ್ಲ. ನಂಬರನ್ನ ಬಟ್ಟೆ ಮೇಲೆ ಬರೀಬೇಡಿ, ಸ್ಟಿಕ್ಕರ್ ಅಂಟಿಸಬೇಡಿ. ಬಿಳಿ ಕಾಟನ್ ಟೇಪಿನ ತುಂಡಿನ ಮೇಲೆ ನೀರಿಗೆ ಹರಡದ ಶಾಯಿಯಲ್ಲಿ ಬರೆದು, ಪೂರ್ತಿ ಒಣಗಿಸಿ, ಸೀರೆಯ ಒಳತುದಿಯಲ್ಲಿ ಅಥವಾ ಅಂಗಿಯ ಒಳಹೊಲಿಗೆಯಲ್ಲಿ ಸಣ್ಣ ಸೂಜಿ, ಸಣ್ಣ ಕಾಟನ್ ದಾರದಲ್ಲಿ ನಾಲ್ಕು ಸಡಿಲ ಹೊಲಿಗೆ ಹಾಕಿ. ಸೂಜಿ ನೂಲಿನ ಸಂದಿಯಲ್ಲಿ ಹೋಗಬೇಕು, ನೂಲನ್ನ ಸೀಳ್ಕೊಂಡು ಹೋಗಬಾರದು. ಬಟ್ಟೆ ಪುಡಿ ಆಗೋ ಸ್ಥಿತಿಯಲ್ಲಿದ್ರೆ ಹೊಲಿಗೆಯೂ ಬೇಡ, ಟೇಪನ್ನ ಸುಮ್ನೆ ಕಟ್ಟಿ.

ಕೊಡೋರ ಹತ್ರ ಅವತ್ತೇ ಕೂತು ಕೇಳಿ, ಆಮೇಲೆ ಅನ್ನೋದು ಬರಲ್ಲ. ಅಮ್ಮಾ ಇದನ್ನ ಯಾರು ಉಡ್ತಿದ್ರು, ಯಾವ ಕಾರ್ಯಕ್ಕೆ ತಂದಿದ್ದು, ಎಲ್ಲಿಂದ, ಉಡೋದು ಯಾವಾಗ ನಿಲ್ಸಿದ್ರು, ಈ ತೇಪೆ ಯಾರು ಹಾಕಿದ್ದು. ವಯಸ್ಸಾದ ಹೆಂಗಸರು ಸೀರೆ ಮುಟ್ಕೊಂಡು ಹೇಳೋ ವಿವರ ಯಾವ ಲೆನ್ಸಿಗೂ ಸಿಗಲ್ಲ, ಬಣ್ಣಕ್ಕೆ ಅವರು ಕರೆಯೋ ಹೆಸರುಗಳನ್ನೇ ಬರ್ಕೊಳ್ಳಿ, ಕೆಂಪು ಹಸಿರು ಅಂತ ತಿದ್ದಬೇಡಿ. ಫೋಟೋ ಪಕ್ಕ ಸ್ಕೇಲ್ ಇಟ್ಟು ತೆಗೀರಿ, ಹಿಂಭಾಗದ್ದೂ ಬೇಕು, ಹರಿದ ಕಡೆ ಹತ್ತಿರದಿಂದ ಬೇಕು. ಮುಂದಿನ ವರ್ಷ ತೂತು ದೊಡ್ಡದಾಯ್ತಾ ಅಂತ ಗೊತ್ತಾಗೋದು ಆ ಫೋಟೋದಿಂದಲೇ. ನೂರು ವರ್ಷ ದಾಟಿದ್ದು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರಬಹುದು, ಹೊರದೇಶಕ್ಕೆ ಕಳ್ಸೋ ಹಾಗಿಲ್ಲ, ಫಾರಿನ್ನಲ್ಲಿರೋ ಮೊಮ್ಮಕ್ಕಳು ಕೇಳಿದ್ರೆ ಇದನ್ನ ಹೇಳಿ.

ಮಳೆಗಾಲ

ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಪುಸ್ತಕದಲ್ಲಿರೋ ಸಲಹೆ ಎಲ್ಲಾ ಒಣ ಊರಿನವರು ಬರೆದಿದ್ದು. ಗಾಳಿಯ ತೇವಾಂಶ 45ರಿಂದ 55 ಪರ್ಸೆಂಟ್ ಇರಲಿ ಅಂತ ಅವರು ಹೇಳ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಆರಿದ್ರೆಯಿಂದ ಆಶ್ಲೇಷದವರೆಗೆ ತೀರ್ಥಹಳ್ಳಿ, ಹೊಸನಗರ ಕಡೆ ಉಪ್ಪಿನ ಭರಣಿಯೇ ನೀರು ಬಿಡತ್ತೆ, ಅಲ್ಲಿ 50 ಎಲ್ಲಿಂದ ತರೋದು. ನಾವು ಹಿಡೀಬೇಕಾದ್ದು ಒಂದೇ ಗೆರೆ, 65. ಅದರ ಮೇಲೆ ಹೋಗಿ ಕೆಲವು ದಿನ ನಿಂತ್ರೆ ಬೂಷ್ಟು ಬೆಳೆಯೋಕೆ ಶುರು. ಹಾಗಾಗಿ ಇಡೀ ಕಟ್ಟಡ ಬಿಟ್ಟು, ಒಂದು ಕೋಣೆ ಅಥವಾ ಒಂದೇ ಒಂದು ಕಬ್ಬಿಣದ ಬೀರುವನ್ನ 65ರ ಕೆಳಗೆ ಇಡೋದಕ್ಕೆ ಗುರಿ ಇಟ್ಕೊಳ್ಳಿ.

ತೇವ ಅಳೆಯೋ ಸಣ್ಣ ಡಿಜಿಟಲ್ ಮೀಟರ್ ಕಮ್ಮಿ ರೇಟಿಗೆ ಸಿಗತ್ತೆ, ಆದ್ರೆ ಅದನ್ನ ನಂಬೋ ಮೊದಲು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಥರ ಆಗೋವಷ್ಟು ಮಾತ್ರ ನೀರು ಹಾಕಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದ್ರೆ ನಿಮ್ಮ ಮೀಟರ್ 5 ಜಾಸ್ತಿ ಹೇಳತ್ತೆ ಅಂತ ಅದರ ಬೆನ್ನಿಗೆ ಬರೆದು ಅಂಟಿಸಿ.

ಜಾಗ ಆರಿಸುವಾಗ ನೆಲಮಹಡಿಯ ಹೊರಗೋಡೆ ಬೇಡ, ಮಣ್ಣಿನ ಗೋಡೆ ಮಳೆಗೆ ನೀರು ಎಳ್ಕೊಳ್ಳತ್ತೆ. ಹಂಚಿನ ಕೆಳಗಿನ ಅಟ್ಟವೂ ಬೇಡ, ಬೇಸಿಗೆಯಲ್ಲಿ ಕಾದ ಹಂಚು, ಮಳೆಯಲ್ಲಿ ಸೋರೋ ಹಂಚು. ಮನೆಯ ಮಧ್ಯದ ಕೋಣೆ ಒಳ್ಳೇದು. ಬೀರು ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ನಾಲ್ಕು ಬೆರಳು ಮೇಲೆ ಇರಲಿ, ಹಿಂದೆ ಗಾಳಿ ಆಡಬೇಕು. ಹಿಂದೆಲ್ಲ ಹೊಗೆಅಟ್ಟದಲ್ಲಿಟ್ರೆ ಹುಳ ಬರಲ್ಲ ಅಂತಿದ್ರು. ಹುಳ ಬರ್ತಿರ್ಲಿಲ್ಲ ನಿಜ, ಮಸಿ ಮಾತ್ರ ನೂಲಿನೊಳಗೆ ಇಳಿದು ಕೂರತ್ತೆ, ಅದನ್ನ ತೆಗೆಯೋದು ಆಮೇಲೆ ಯಾರಿಂದಲೂ ಆಗಲ್ಲ.

ದುಡ್ಡಿದ್ರೆ ಡಿಹ್ಯುಮಿಡಿಫೈಯರ್ ತಗೊಳ್ಳಿ, ಕೋಣೆಯ ಕಿಟಕಿ ಮುಚ್ಚಿರಬೇಕು, ದಿನಾ ನೀರು ಚೆಲ್ಲೋಕೆ ಒಬ್ಬರು ಬೇಕು. ಮಳೆಗಾಲದಲ್ಲಿ ನಮ್ ಕಡೆ ಕರೆಂಟ್ ಎಷ್ಟು ದಿನ ಇರಲ್ಲ ಅಂತ ನಿಮಗೇ ಗೊತ್ತು, ಹಾಗಾಗಿ ಮಿಷನ್ ಒಂದನ್ನೇ ನಂಬೋಕಾಗಲ್ಲ. ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಚೆನ್ನಾಗಿ ಒಣಗಿದ ಬಟ್ಟೆ ಇಟ್ಟು, ಬಟ್ಟೆಗೆ ತಾಗದ ಹಾಗೆ ಕಾಟನ್ ಚೀಲದಲ್ಲಿ ಸಿಲಿಕಾ ಜೆಲ್ ಹಾಕಿ, ಕಾಣೋ ಹಾಗೆ ಮೀಟರನ್ನೂ ಒಳಗಿಡಿ. ಇದು ಬಡ ಸಂಗ್ರಹಗಳಿಗೆ ನಿಜವಾಗ್ಲೂ ಕೆಲಸ ಮಾಡೋ ದಾರಿ. ಬಣ್ಣ ಬದಲಾಯಿಸೋ ಜೆಲ್ ತಗೊಂಡ್ರೆ ಯಾವಾಗ ಬದಲಿಸಬೇಕು ಅಂತ ಗೊತ್ತಾಗತ್ತೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರತ್ತೆ, ಆರೋಗ್ಯಕ್ಕೆ ಒಳ್ಳೇದಲ್ಲ, ಕಿತ್ತಳೆ ಬಣ್ಣದ್ದು ಕೇಳಿ. ಡಬ್ಬಿ ತುಂಬಿಸೋ ದಿನ ಮುಖ್ಯ. ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ತುಂಬಿಸಿ ಮುಚ್ಚಬೇಕು. ಜುಲೈನಲ್ಲಿ ಮುಚ್ಚಿದ್ರೆ ತೇವವನ್ನ ಒಳಗೆ ಕೂಡಿಹಾಕಿದ ಹಾಗೆ, ಪ್ಲಾಸ್ಟಿಕ್ ಕವರಲ್ಲಿ ಬೂಷ್ಟು ಬರೋದೂ ಇದೇ ಕಾರಣಕ್ಕೆ. ಬೀರು ಒಳಗೆ ಬಲ್ಬ್ ಉರಿಸಿಡೋದು ಕೆಲವರ ಪದ್ಧತಿ, ಬೆಂಕಿಯ ಭಯ, ದಯವಿಟ್ಟು ಬೇಡ.

ಬೂಷ್ಟು ಬಂದೇಬಿಟ್ರೆ ಅಲ್ಲೇ ಒರೆಸೋಕೆ ಹೋಗಬೇಡಿ, ಹಸಿ ಬೂಷ್ಟು ಒರೆಸಿದ್ರೆ ನೂಲಿನೊಳಗೆ ಬಳಿದ ಹಾಗಾಗತ್ತೆ. ಆ ಬಟ್ಟೆಯನ್ನ ಉಳಿದವುಗಳಿಂದ ಬೇರೆ ಮಾಡಿ, ಎನ್-95 ಮಾಸ್ಕ್, ಗ್ಲೌಸ್ ಹಾಕ್ಕೊಂಡು, ಒಣ ಕೋಣೆಯಲ್ಲಿ ಹರವಿ, ಫ್ಯಾನ್ ಗಾಳಿ ನೇರ ಬಟ್ಟೆ ಮೇಲೆ ಬೀಳದ ಹಾಗೆ ಬಿಟ್ಟು ಒಣಗಿಸಿ. ಜಡಿಮಳೆಯಲ್ಲಿ ಒಣಗಿಸೋಕೆ ಜಾಗವೇ ಇಲ್ಲ ಅಂದ್ರೆ ಪಾಲಿಥಿನ್ ಕವರಲ್ಲಿ ಸೀಲ್ ಮಾಡಿ ಫ್ರೀಜರಿಗೆ ಹಾಕಿ, ಬೂಷ್ಟು ಸಾಯಲ್ಲ ಆದ್ರೆ ಬೆಳವಣಿಗೆ ನಿಲ್ಲತ್ತೆ, ದೀಪಾವಳಿ ಹೊತ್ತಿಗೆ ಹವೆ ತಿರುಗಿದ ಮೇಲೆ ತೆಗೆದು ಒಣಗಿಸಬಹುದು. ಪೂರ್ತಿ ಒಣಗಿ ಪುಡಿಯಾದ ಮೇಲೆ ಅಂಗಳಕ್ಕೆ ತಂದು ಮೆತ್ತನೆ ಬ್ರಷ್ಷಲ್ಲಿ ತೆಗೀರಿ. ವ್ಯಾಕ್ಯೂಮ್ ಬಳಸೋದಾದ್ರೆ ಹೆಪಾ ಫಿಲ್ಟರ್ ಇರೋದೇ ಬೇಕು, ಇಲ್ಲಾಂದ್ರೆ ಹಿಂದಿನಿಂದ ಕೋಣೆ ತುಂಬಾ ಬೂಷ್ಟಿನ ಬೀಜ ಉಗುಳತ್ತೆ. ಧೂಳು ತೆಗೆಯೋಕೂ ಇದೇ ಕ್ರಮ, ಬಟ್ಟೆ ಮೇಲೆ ನೈಲಾನ್ ನೆಟ್ ಇಟ್ಟು, ಸಕ್ಷನ್ ಅತೀ ಕಮ್ಮಿ ಮಾಡಿ, ಎಳೀದೆ ಇಟ್ಟಿಟ್ಟು ಎತ್ತಬೇಕು. ಬಿಸಿಲಿಗೆ ಹಾಕೋದು ನಮ್ಮ ಹಿರಿಯರ ಪದ್ಧತಿ, ಗಾಳಿ ಆಡ್ಸೋ ವಿಚಾರದಲ್ಲಿ ಅವರು ಸರಿಯಾಗೇ ಇದ್ರು, ಬಿಸಿಲಿನ ಬದಲು ನೆರಳು ಅಂತ ಅಷ್ಟು ಬದಲಾಯಿಸ್ಕೊಂಡ್ರೆ ಸಾಕು.

ಹುಳ

ನುಸಿಯ ಮರಿ, ಕೂದಲು ಕೂದಲಾಗಿರೋ ಕಾರ್ಪೆಟ್ ಬೀಟಲ್ ಮರಿ ಎರಡೂ ಉಣ್ಣೆ, ರೇಷ್ಮೆ ತಿಂತವೆ. ಬೆಳ್ಳಗೆ ಜಾರೋ ಬೆಳ್ಳಿಹುಳಕ್ಕೆ ಗಂಜಿ ಇಷ್ಟ. ಕಂಬಳಿ ಯಾಕೆ ಅಷ್ಟು ಬೇಗ ತೂತು ಬೀಳತ್ತೆ ಅಂದ್ರೆ ಅದು ಉಣ್ಣೆಯೂ ಹೌದು, ನೇಯುವಾಗ ಹುಣಸೆಬೀಜದ ಗಂಜಿ ಹಾಕಿರ್ತಾರೆ, ಎರಡೂ ಥರದ ಹುಳಕ್ಕೂ ಊಟ. ಕಂಬಳಿ ಕೊಪ್ಪೆಯನ್ನ ಸೀರೆಗಳ ಬೀರುವಿನಲ್ಲಿ ಯಾವತ್ತೂ ಇಡಬೇಡಿ. ಉಣ್ಣೆಯಿಂದ ಬರೋ ಗಂಧಕದ ಅಂಶಕ್ಕೆ ಬೆಳ್ಳಿ ಜರಿ ಕಪ್ಪಾಗೋದು ಬೇರೆ.

ಹೊಸದಾಗಿ ಬಂದ ಯಾವ ಬಟ್ಟೆಯನ್ನೂ ನೇರ ಒಳಗೆ ಸೇರಿಸಬೇಡಿ, ಸೀಲ್ ಮಾಡಿ ಬೇರೆ ಕಡೆ ಕೆಲವು ವಾರ ಇಟ್ಟು ಕೆಳಗೆ ಪುಡಿ, ಹಿಕ್ಕೆ, ಹುಳದ ಸಿಪ್ಪೆ ಬೀಳ್ತಾ ನೋಡಿ. ಬಿದ್ರೆ ಫ್ರೀಜರ್. ಪಾಲಿಥಿನ್ ಕವರಲ್ಲಿ ಗಾಳಿ ಹೊರಗೆ ಒತ್ತಿ ಸೀಲ್ ಮಾಡಿ, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ, ಮನೆ ಫ್ರಿಜ್ಜಿನ ಫ್ರೀಜರ್ ಆದ್ರೆ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬಾರದು, ತಣ್ಣನೆ ಬಟ್ಟೆ ಮೇಲೆ ನಮ್ಮ ಗಾಳಿಯ ನೀರೆಲ್ಲ ಕೂರತ್ತೆ. ಮರ, ಗಾಜು, ಬಣ್ಣದ ಚಿತ್ರ ಸೇರಿರೋ ವಸ್ತುಗಳನ್ನ ಫ್ರೀಜರಿಗೆ ಹಾಕಬೇಡಿ.

ನುಸಿಗುಳಿಗೆ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡೋರ ಆರೋಗ್ಯಕ್ಕೆ ಕೆಟ್ಟದ್ದು, ಪ್ಲಾಸ್ಟಿಕ್ ಗುಂಡಿಗಳನ್ನೂ ಮೆತ್ತಗೆ ಮಾಡತ್ತೆ, ನಾನಂತೂ ಬೇಡ ಅಂತೀನಿ. ಬಜೆ, ಲಾವಂಚ, ಒಣ ಬೇವಿನೆಲೆ ಹಳೇ ಕ್ರಮ, ತೆಳು ಬಟ್ಟೆಯಲ್ಲಿ ಕಟ್ಟಿ ಬೀರುವಿನ ಮೂಲೆಯಲ್ಲಿಡಿ, ಬಟ್ಟೆಗೆ ತಾಗಿದ್ರೆ ಎಣ್ಣೆಯ ಕಲೆ ಆಗತ್ತೆ. ಅವು ಹುಳವನ್ನ ದೂರ ಇಡೋಕೆ ಸ್ವಲ್ಪ ಸಹಾಯ ಮಾಡಬಹುದು, ಒಳಗಿರೋದನ್ನ ಕೊಲ್ಲಲ್ಲ.

ಮಡಚೋದು, ಸುತ್ತೋದು

ಹಳೇ ಪಟ್ಟೆ ಸೀರೆ ಹರಿಯೋದು ಮಡಿಕೆಯ ಗೆರೆಯಲ್ಲೇ. ಆದಷ್ಟು ಸುತ್ತಿಡಿ. ಬಟ್ಟೆ ಅಂಗಡಿಯಲ್ಲಿ ಎಸೆಯೋ ದಪ್ಪ ರಟ್ಟಿನ ಕೊಳವೆ ಸಿಗತ್ತೆ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಅಥವಾ ಪಾಲಿಯೆಸ್ಟರ್ ಶೀಟ್ ಸುತ್ತಿ ರಟ್ಟಿನ ಆಸಿಡ್ ತಡೀರಿ, ಮೇಲೆ ಒಗೆದ ಕೋರಾ ಬಟ್ಟೆ ಸುತ್ತಿ, ಅದರ ಮೇಲೆ ಸೀರೆಯನ್ನ ಹಾಸು ನೂಲಿನ ದಿಕ್ಕಿಗೆ, ಕಸೂತಿ ಹೊರಗೆ ಬರೋ ಹಾಗೆ ಸುತ್ತಿ. ಪಿವಿಸಿ ಪೈಪ್ ಬೇಡ. ಕೋರಾ ಬಟ್ಟೆ ತಂದು ಹಾಗೇ ಬಳಸಬೇಡಿ, ಗಂಜಿ ಪೂರ್ತಿ ಹೋಗೋವರೆಗೆ ಬಿಸಿನೀರಲ್ಲಿ ಮತ್ತೆ ಮತ್ತೆ ಒಗೀಬೇಕು, ನೀಲಿ, ಕಂಫರ್ಟ್ ಏನೂ ಹಾಕಬಾರದು. ಆಸಿಡ್ ಫ್ರೀ ಟಿಶ್ಯೂ ಪೇಪರ್ ತರಿಸೋಕಾದ್ರೆ ಒಳ್ಳೇದು. ನ್ಯೂಸ್ ಪೇಪರ್ ಮಾತ್ರ ಯಾವ ಕಾರಣಕ್ಕೂ ಬೇಡ.

ಮಡಚಲೇಬೇಕು ಅಂದ್ರೆ ಪ್ರತಿ ಮಡಿಕೆಯೊಳಗೆ ಕೋರಾ ಬಟ್ಟೆಯ ಉರುಳೆ ಇಡಿ, ಗೆರೆ ಚೂಪಾಗಬಾರದು, ಮೂರುನಾಲ್ಕು ತಿಂಗಳಿಗೊಮ್ಮೆ ಬೇರೆ ಜಾಗದಲ್ಲಿ ಮಡಚಿ. ಭಾರದ್ದು ಅಡಿಗೆ, ಹಗುರದ್ದು ಮೇಲೆ. ಮರದ ಪೆಟಾರಿ ಎಷ್ಟು ಚೆಂದ ಇದ್ರೂ ಮರದಿಂದ ಆಸಿಡ್ ಬರತ್ತೆ, ಪೆಟಾರಿಯನ್ನ ಪ್ರದರ್ಶನಕ್ಕಿಟ್ಟು ಬಟ್ಟೆಯನ್ನ ಪೇಂಟ್ ಗಟ್ಟಿಯಾಗಿರೋ ಸ್ಟೀಲ್ ಬೀರುವಿಗೆ ಬದಲಾಯಿಸಿ.

ಕಪ್ಪು ಚೌಕುಳಿ ಸೀರೆ ಬಗ್ಗೆ ಬೇರೆ ಹೇಳಬೇಕು. ಹಳೇ ಪದ್ಧತಿಯ ಕಪ್ಪು ಬಣ್ಣ ಚೊಗರು, ಅಳಲೆಕಾಯಿ ಥರದ ಒಗರಿಗೆ ಕಬ್ಬಿಣ ಸೇರಿಸಿ ಮಾಡೋದು. ಆ ಕಬ್ಬಿಣವೇ ವರ್ಷಗಳು ಕಳೆದ ಹಾಗೆ ನೂಲನ್ನ ತಿನ್ನತ್ತೆ. ಕೆಂಪು ಎಳೆ ಗಟ್ಟಿಯಾಗಿದ್ದು, ಪಕ್ಕದ ಕಪ್ಪು ಎಳೆ ಮಾತ್ರ ಮುಟ್ಟಿದ್ರೆ ಕಂದು ಪುಡಿಯಾಗಿ ಉದುರ್ತಾ ಇದ್ರೆ ಅದು ಹುಳ ಅಲ್ಲ, ಬಣ್ಣದ್ದೇ ಕೆಲಸ. ಇದನ್ನ ತಿರುಗಿಸೋಕಾಗಲ್ಲ, ತೇವ ತಾಗದ ಹಾಗೆ ಚಪ್ಪಟೆ ಡಬ್ಬಿಯಲ್ಲಿ ಅಲುಗಾಡಿಸದೇ ಇಟ್ರೆ ನಿಧಾನ ಮಾಡಬಹುದು.

ಜನರಿಗೆ ತೋರ್ಸೋದು

ಬೆಳಕು ಮಾಡೋ ಹಾನಿ ಸೇರ್ತಾ ಹೋಗತ್ತೆ, ವಾಪಸ್ ಬರಲ್ಲ. ಬಟ್ಟೆಗೆ 50 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಸಾಕು ಅನ್ನೋದು ಮ್ಯೂಸಿಯಂಗಳ ಲೆಕ್ಕ, ಅಂದ್ರೆ ಓದೋಕೆ ಕಷ್ಟ ಆಗೋವಷ್ಟು ಮಂದ. ಫೋನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿದ್ರೆ ಅಂದಾಜು ಸಿಗತ್ತೆ. ನಮ್ಮ ಮನೆಗಳಲ್ಲಿ ನೋಡಬೇಕಾದ್ದು ಮಾಡಿನ ಗಾಜಿನ ಹಂಚು. ಅದರಿಂದ ಬೀಳೋ ಬಿಸಿಲಿನ ಚೌಕ ದಿನವಿಡೀ ನೆಲದ ಮೇಲೆ ಸರೀತಾ ಹೋಗತ್ತೆ, ಪ್ರದರ್ಶನದ ಪೆಟ್ಟಿಗೆ ಅದರ ದಾರಿಯಲ್ಲಿದ್ರೆ ಅರಿಶಿನದ ಹಳದಿ ಮೊದಲು ಹೋಗತ್ತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿಂತು ನೋಡಿ ಜಾಗ ಗುರುತು ಮಾಡ್ಕೊಳ್ಳಿ. ಒಂದು ಬಟ್ಟೆಯನ್ನ ಮೂರು ತಿಂಗಳು ತೋರಿಸಿ ಒಳಗಿಡಿ, ಇನ್ನೊಂದನ್ನ ತನ್ನಿ, ಇಡೀ ವರ್ಷ ನೋಡಬೇಕು ಅನ್ನೋರಿಗೆ ಒಳ್ಳೇ ಫೋಟೋ ಇಡಿ. ಮೊಳೆ ಹೊಡೆದು ಸೀರೆ ನೇತುಹಾಕೋದು, ಪ್ಲೈವುಡ್ಡಿಗೆ ಅಂಟಿಸಿ ಫ್ರೇಮ್ ಹಾಕೋದು ಬೇಡ. ಹಳೇ ರವಿಕೆಯನ್ನ ಯಾರಿಗೂ ತೊಡಿಸಿ ಫೋಟೋ ತೆಗೀಬೇಡಿ, ಕೇಳ್ಕೊಂಡು ಬರ್ತಾರೆ, ಬೇಜಾರಾದ್ರೂ ಇಲ್ಲ ಅನ್ನಿ.

ಯಕ್ಷಗಾನದ ವೇಷ ಎಲ್ಲಕ್ಕಿಂತ ಕಷ್ಟ, ಯಾಕಂದ್ರೆ ಒಂದೇ ವಸ್ತುವಿನಲ್ಲಿ ಮರ, ಬೇಗಡೆ, ಕನ್ನಡಿ, ಉಣ್ಣೆ, ಹತ್ತಿ, ಅಂಟು, ಬೆವರು, ಕೊಬ್ಬರಿಎಣ್ಣೆ ಎಲ್ಲಾ ಇರತ್ತೆ. ಭುಜಕೀರ್ತಿ, ಎದೆಕಟ್ಟು, ಡಾಬನ್ನ ಬಟ್ಟೆಯಿಂದ ಬೇರೆ ಡಬ್ಬಿಯಲ್ಲಿಡಿ, ಹೊಲಿದು ಸೇರಿಸಿದ್ದಿದ್ರೆ ಬಿಚ್ಚಬೇಡಿ, ನಡುವೆ ಟಿಶ್ಯೂ ಕೊಡಿ. ಮುಂಡಾಸನ್ನ ಕಟ್ಟಿರೋ ಹಾಗೇ ಉಳಿಸಿ, ಒಳಗೆ ಕೋರಾ ಬಟ್ಟೆ ತುಂಬಿ ಆಕಾರ ಹಿಡಿಸಿ, ಯಾಕಂದ್ರೆ ಆ ಕಟ್ಟಿನಲ್ಲೇ ಕಲಾವಿದರ ಕೈ ಇದೆ, ಬಿಚ್ಚಿದ್ರೆ ಬರೀ ಬಟ್ಟೆ ಪಟ್ಟಿ. ಯಾರು ಕಟ್ಟಿದ್ದು, ಯಾವ ಪಾತ್ರಕ್ಕೆ, ಯಾವ ಮೇಳ ಅಂತ ಅವತ್ತೇ ಬರ್ಕೊಳ್ಳಿ.

ಹರಿದಿದ್ದನ್ನ ಹೊಲಿಯೋದು, ಅಂಟಿಸೋದು, ಒದ್ದೆ ಮಾಡಿ ಸುಕ್ಕು ಬಿಡ್ಸೋದು ಇಷ್ಟನ್ನ ಮಾತ್ರ ತರಬೇತಿ ಇರೋರಿಗೇ ಬಿಡಬೇಕು. ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಇದೆ, ಬೆಂಗಳೂರಿನಲ್ಲಿ ಪರಂಪರೆ ಉಳಿಸೋ ಕೆಲಸ ಮಾಡೋ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಬಟ್ಟೆ ತಗೊಂಡು ಬಸ್ ಹತ್ತೋ ಮೊದಲು ಫೋಟೋ, ಅಳತೆ, ಎಲ್ಲಿ ಹರಿದಿದೆ, ಯಾವ ನೂಲು ಅಂತ ಬರೆದು ಕಳ್ಸಿ ಕೇಳಿ. ಬಣ್ಣ, ನಾರಿನ ಬಗ್ಗೆ ಹತ್ತಿರದಲ್ಲೇ ತಿಳ್ಕೊಳ್ಳೋಕೆ ಸಾಗರದ ಹೆಗ್ಗೋಡು ಕಡೆಯ ಚರಕ ಅನ್ನೋ ಕೈಮಗ್ಗ ಸಂಘದವರ ಕೆಲಸ ನೋಡಿ ಬನ್ನಿ, ಅಡಿಕೆ ಚೊಗರಿನಿಂದ ಇವತ್ತಿಗೂ ನೂಲಿಗೆ ಬಣ್ಣ ಹಾಕ್ತಾರೆ, ಹೊಸ ಚೊಗರಿನ ಬಣ್ಣ ಒಂದು ಸಲ ಕಣ್ಣಾರೆ ನೋಡಿದ್ರೆ ಹಳೇ ಬಟ್ಟೆಯ ಕಂದು ಚೊಗರಿನದ್ದಾ, ತುಕ್ಕಿನದ್ದಾ ಅಂತ ಹೇಳೋದು ಸುಲಭ ಆಗತ್ತೆ.